ಗೋಡೆ ಮೇಲೆ ಬರೆದವರು ಯಾರು?



ನಮ್ಮ ಶಾಲೆಯ ರಸ್ತೆ ಕಡೆಯ ಗೋಡೆ ಮೇಲೆ ಕರ್ನಾಟಕದ ನಕ್ಷೆ ಇರುವುದು ನಿಮಗೆಲ್ಲ ಗೊತ್ತು. ಅದರಲ್ಲಿ 27 ಜಿಲ್ಲೆಗಳಿವೆ. ಈಗ ಇರುವುದು 31. ಅದಕ್ಕೆ ಈ ಸಲದ ವಾರ್ಷಿಕೋತ್ಸವಕ್ಕೆ ಮೊದಲು ಅದಕ್ಕೆ ಸುಣ್ಣ ಹೊಡೆದು, ಮೇಲೆ ಫ್ಲೆಕ್ಸ್‌ನಲ್ಲಿ ಪ್ರಿಂಟ್ ಮಾಡಿಸಿದ ಹೊಸ ನಕ್ಷೆ ಹಾಕಿಸೋಣ ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದಾರೆ. ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಬಣ್ಣದಲ್ಲೇ ಬರೆಸಬೇಕು. ಬರೆದವರ ಹೆಸರನ್ನೂ ಕೆಳಗೆ ಹಾಕಿಸಬೇಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ದಸರಾ ರಜೆಯಲ್ಲಿ ನಾನು ಬೆಂಗಳೂರಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಲಾಲ್‌ಬಾಗ್, ವಿಧಾನಸೌಧ ನೋಡಿದ್ದನ್ನು ಈ ಪತ್ರಿಕೆಯಲ್ಲಿ ಬಹಳ ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನನಗೆ ಹಿಡಿಸಿದ್ದು ಅಲ್ಲಿನ ಗೋಡೆಗಳು. ಸಿಟಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಕಾಂಪೌಂಡು, ಸೇತುವೆ ಕಂಬ, ಅಂಡರ್‌ಪಾಸ್ ಎಲ್ಲಾ ಕಡೆ ಚಿತ್ರ. ಒಂದು ಕಡೆ ಯಕ್ಷಗಾನದ ಕಿರೀಟ ಮಾತ್ರ ಉಳಿದಿತ್ತು, ಮುಖ ಉದುರಿಹೋಗಿತ್ತು, ಅದರ ಕೆಳಗೆ ಯಾರೋ ಎಲೆ ಅಡಿಕೆ ಉಗಿದಿದ್ದರು. ನಮ್ಮ ಕಡೆ ಬೋರ್ಡು ಬರೆದವರು ಮೂಲೆಯಲ್ಲಿ ಸಣ್ಣಕ್ಕೆ ‘ಇಂಥಾ ಆರ್ಟ್ಸ್’ ಅಂತ ಬರೀತಾರಲ್ಲ, ಹಂಗೆ ಏನಾದರೂ ಇದೆಯಾ ಅಂತ ನಾಲ್ಕೂ ಮೂಲೆ ಹುಡುಕಿದೆ. ಇರಲಿಲ್ಲ.

ಚಿಕ್ಕಪ್ಪ ಅಲ್ಲಿ ಬಿಲ್ಡಿಂಗ್‌ಗಳಿಗೆ ಪೇಂಟ್ ಹೊಡೆಯುವ ಕೆಲಸ ಮಾಡುತ್ತಾರೆ. ಅವರು ಹೇಳಿದ್ದು ಇದು. 2009ರಲ್ಲಿ ಆಗಿನ ಬಿ.ಬಿ.ಎಂ.ಪಿ.ಯವರು ರಸ್ತೆ ಬದಿ ಗೋಡೆಗಳಿಗೆಲ್ಲ ಚಿತ್ರ ಬರೆಸಿದರು. ಪೋಸ್ಟರ್ ಅಂಟಿಸಬಾರದು, ಗೋಡೆ ಬದಿ ಗಲೀಜು ಮಾಡಬಾರದು ಅಂತ ಅವರ ಉದ್ದೇಶ. ಬರೆದವರು ಯಾರು? ಅದಕ್ಕೂ ಮೊದಲು ಸಿನಿಮಾ ಬ್ಯಾನರು, ಅಂಗಡಿ ಬೋರ್ಡು ಬರೆಯುತ್ತಿದ್ದವರು. ಒಂದು ಕಾಲದಲ್ಲಿ ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ ಡಾ. ರಾಜ್‌ಕುಮಾರ್ ಅವರ ಮರದೆತ್ತರದ ಚಿತ್ರ ನಿಲ್ಲಿಸುತ್ತಿದ್ದರಲ್ಲ, ಅಂಥದ್ದನ್ನು ಕೈಯಲ್ಲೇ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಹೋಯ್ತು. ಕಂಪ್ಯೂಟರಿಗೆ ಫೋಟೋ ಕೊಟ್ಟರೆ ಅರ್ಧ ಗಂಟೆಯಲ್ಲಿ ಬ್ಯಾನರ್ ಕೈಗೆ ಬರುವಾಗ ನಾಲ್ಕು ದಿನ ಕೂತು ಬರೆಯುವವರು ಯಾರಿಗೆ ಬೇಕು? ಗೋಡೆ ಕೆಲಸದಿಂದ ಅವರಿಗೆ ಸ್ವಲ್ಪ ದಿನ ಅನ್ನ ಸಿಕ್ಕಿತು. ಹಂಪಿ ರಥ, ಜೋಗ, ಆನೆ, ಹುಲಿ ಎಲ್ಲಾ ಬರೆದರು. ಇವು ಬರೀ ಕ್ಯಾಲೆಂಡರ್ ಚಿತ್ರ ಅಂತ ಓದಿದ ಕೆಲವರು ಹೀಯಾಳಿಸಿದ್ದೂ ಉಂಟಂತೆ. ನಮ್ಮ ಮನೆ ಗೋಡೆಯಲ್ಲಿ ಇರುವುದೂ ಕ್ಯಾಲೆಂಡರ್ ಚಿತ್ರವೇ. ಅದಕ್ಕೇನಾಗಿದೆ?

ಹೆಸರು ಗೊತ್ತಿರುವವರೂ ಇದ್ದಾರೆ. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು ಮೈಸೂರಿನವರು, ಅಲ್ಲಿಯ ಕಾವಾ ಕಲಾಶಾಲೆಯಲ್ಲಿ ಓದಿದವರು. 2015ರ ಜೂನ್‌ನಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಒಂದು ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಯಾರೂ ಮುಚ್ಚಲಿಲ್ಲ. ಇವರು ಕೈಯಿಂದ ಸುಮಾರು 6,000 ರೂಪಾಯಿ ಖರ್ಚು ಮಾಡಿ, 20 ಕೆ.ಜಿ. ತೂಕದ ಮೊಸಳೆ ಮಾಡಿ ಅದರಲ್ಲಿ ಬಿಟ್ಟರು! ಸುತ್ತ ನೀರಿಗೆ ಹಸಿರು ಬಣ್ಣ. ಜನ ಸೇರಿದರು, ಪೇಪರಿನವರು ಬಂದರು, ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2 ಚಂದ್ರನ ಹತ್ತಿರ ಹೋಗುತ್ತಿದ್ದಾಗ ಇನ್ನೊಂದು ಮಾಡಿದರು. ಪೂರ್ಣಚಂದ್ರ ಮೈಸೂರು ಎಂಬ ನಟರಿಗೆ ಗಗನಯಾತ್ರಿಯ ಡ್ರೆಸ್ ಹಾಕಿಸಿ ರಾತ್ರಿ ಹೊತ್ತು ಗುಂಡಿ ರಸ್ತೆಯಲ್ಲಿ ನಿಧಾನಕ್ಕೆ ನಡೆಸಿದರು. ಚಿಕ್ಕಪ್ಪ ಮೊಬೈಲಲ್ಲಿ ತೋರಿಸಿದಾಗ ನಾನು ನಿಜವಾಗಲೂ ಚಂದ್ರ ಅಂದುಕೊಂಡೆ. ಆಮೇಲೆ ಹಿಂದಿನಿಂದ ಒಂದು ಆಟೋ ಬಂತು! ನಕ್ಕು ನಕ್ಕು ಸಾಕಾಯ್ತು. ಆ ರಸ್ತೆಯೂ ರಿಪೇರಿ ಆಯಿತು.

‘ಗುಂಡಿ ಮುಚ್ಚಿ ಅಂತ ಅರ್ಜಿ ಕೊಟ್ಟರೆ ಸಾಕು, ಮೊಸಳೆ ಯಾಕೆ? ಊರಿನ ಮಾನ ಕಳೆದಂಗಲ್ವಾ’ ಅಂತ ನಮ್ಮ ತಾತ ಕೇಳಿದರು. ಆದರೆ ಗುಂಡಿಯನ್ನು ಚಿತ್ರಕಾರರು ತೋಡಿದ್ದಲ್ಲ. ಅದು ಮೊದಲೇ ಇತ್ತು. ದಿನಾ ನೋಡಿ ನೋಡಿ ನಮಗೆ ಕಾಣುವುದು ನಿಂತುಹೋಗಿರುತ್ತೆ, ಚಿತ್ರ ಬಂದ ಮೇಲೆ ಮತ್ತೆ ಕಾಣುತ್ತೆ. ತಾತ ಇದಕ್ಕೆ ಇನ್ನೂ ಒಪ್ಪಿಲ್ಲ.

ಮತ್ತೊಂದು ಗುಂಪು ಇದೆ, ಅರವಾಣಿ ಆರ್ಟ್ ಪ್ರಾಜೆಕ್ಟ್ ಅಂತ. ಪೂರ್ಣಿಮಾ ಸುಕುಮಾರ್ ಎಂಬವರು 2016ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಅದರಲ್ಲಿ ಮಂಗಳಮುಖಿ ಅಕ್ಕಂದಿರು ಸೇರಿಕೊಂಡು ದೊಡ್ಡ ದೊಡ್ಡ ಗೋಡೆಗಳಿಗೆ ಚಿತ್ರ ಬರೆಯುತ್ತಾರೆ. ಬಸ್ಸಿನಲ್ಲಿ ಅವರು ಬಂದರೆ ಜನ ಮುಖ ಆ ಕಡೆ ತಿರುಗಿಸುವುದನ್ನು ನಾನೂ ನೋಡಿದ್ದೇನೆ. ಅವರೇ ಬ್ರಷ್ ಹಿಡಿದು ಗೋಡೆ ಮುಂದೆ ನಿಂತರೆ ಹೋಗುವವರು ನಿಂತು ‘ಇದೇನು ಬರೀತಿದ್ದೀರಿ’ ಅಂತ ಕೇಳಬಹುದಲ್ಲ. ಕೇಳಿದರೆ ಮಾತು ಶುರುವಾಗುತ್ತೆ.

ಮ್ಯೂಸಿಯಂ ಚಿತ್ರಕ್ಕೆ ಟಿಕೆಟ್ ಬೇಕು, ಬಸ್ ಚಾರ್ಜು ಬೇಕು. ಗೋಡೆ ಚಿತ್ರವನ್ನು ಹೂವಿನ ಬುಟ್ಟಿ ಹೊತ್ತವರೂ ನೋಡುತ್ತಾರೆ, ಕಾರಿನವರೂ ನೋಡುತ್ತಾರೆ. ಆದರೆ ಬಿಸಿಲು ಮಳೆಗೆ ಅದು ಹೋಗಿಬಿಡುತ್ತೆ, ಇಲ್ಲಾಂದ್ರೆ ಯಾರಾದರೂ ಸುಣ್ಣ ಹೊಡೆಯುತ್ತಾರೆ. ಆಗ ಹೆಸರೂ ಇಲ್ಲದಿದ್ದರೆ ಬರೆದವರಿಗೆ ಏನು ಉಳಿಯಿತು?

ಈಗ ನಮ್ಮ ನಕ್ಷೆಗೆ ಬರುತ್ತೇನೆ. ಅದನ್ನು ಬರೆದವರು ಯಾರು ಅಂತ ನಾನು ಶಾಲೆಯಲ್ಲಿ ಎಲ್ಲರನ್ನೂ ಕೇಳಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಚಿಕ್ಕಪ್ಪನೇ ಹೇಳಿದರು, ‘ಅದನ್ನ ನಮ್ಮ ಗುರುಗಳು ಬರೆದಿದ್ದು ಪುಟ್ಟಿ, ದಾರ ಹಿಡ್ಕೊಂಡಿದ್ದು ನಾನು.’ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆ ಮೇಲೆ ನೆಟ್ಟಗೆ ಗೆರೆ ಬೀಳುತ್ತದೆ. ಹಂಗೆ ಅಡ್ಡ ಉದ್ದ ಗೆರೆ ಹಾಕಿ ಚೌಕ ಮಾಡಬೇಕು. ಪುಸ್ತಕದ ನಕ್ಷೆಗೂ ಪೆನ್ಸಿಲಿನಲ್ಲಿ ಅಷ್ಟೇ ಚೌಕ. ಪುಸ್ತಕದ ಒಂದು ಚೌಕದಲ್ಲಿ ಏನಿದೆಯೋ ಅದನ್ನು ಗೋಡೆಯ ಒಂದು ಚೌಕಕ್ಕೆ ಬರೆಯುತ್ತಾ ಹೋದರೆ ನಕ್ಷೆ ಸರಿಯಾಗಿ ದೊಡ್ಡದಾಗುತ್ತೆ. ಮರದೆತ್ತರದ ಸಿನಿಮಾ ಚಿತ್ರಕ್ಕೂ ಇದೇ ಲೆಕ್ಕ. ನಮ್ಮ ಗಣಿತದ ಅನುಪಾತದ ಪಾಠ ನನಗೆ ಅರ್ಥವಾಗಿದ್ದು ಇದನ್ನು ಕೇಳಿದ ಮೇಲೇ.

ಆ ಗುರುಗಳು ಪಕ್ಕದ ಊರಲ್ಲೇ ಇದ್ದಾರೆ. ಬೋರ್ಡಿನ ಕೆಲಸ ನಿಂತ ಮೇಲೆ ಬಸ್ ಸ್ಟಾಂಡಿನಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದಾರೆ. ನಾವು ಅವರ ಹತ್ತಿರ ಕಡ್ಲೆ ಮಿಠಾಯಿ ತಗೊಳ್ತೀವಿ! ಅಂಗಡಿ ಹಲಗೆಯ ಮೇಲಿನ ಅಕ್ಷರ ಅಷ್ಟು ಚೆಂದ ಯಾಕಿದೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಫ್ಲೆಕ್ಸ್ ಅಗ್ಗ, ಬೇಗ ಆಗುತ್ತೆ ಅನ್ನುತ್ತಾರೆ. ಸರಿ. ಆದರೆ 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಪ್ಲಾಸ್ಟಿಕ್ ಫ್ಲೆಕ್ಸನ್ನೂ ನಿಷೇಧ ಮಾಡಿದೆ. ಪರಿಸರ ದಿನಕ್ಕೆ ಭಾಷಣ ಮಾಡುವ ನಾವೇ ಅದನ್ನು ಶಾಲೆ ಗೋಡೆಗೆ ಹಾಕುವುದು ಹೇಗೆ? ಅಲ್ಲದೆ ನಕ್ಷೆ ಬದಲಾಗುತ್ತಲೇ ಇರುತ್ತದೆ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಗಳಾದವು. ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. 2025ರಲ್ಲಿ ರಾಜ್ಯ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಫ್ಲೆಕ್ಸ್ ಆದರೆ ಪ್ರತಿ ಸಲ ಪೂರ್ತಿ ಕಿತ್ತು ಎಸೆಯಬೇಕು. ಬಣ್ಣ ಆದರೆ ಹಳೇ ನಕ್ಷೆಯಲ್ಲೇ ನಾಲ್ಕು ಗೆರೆ, ನಾಲ್ಕು ಹೆಸರು ಸೇರಿಸಿದರೆ ಮುಗೀತು. ಸುಣ್ಣ ಹೊಡೆಯುವುದೂ ಬೇಡ.

ನಾನು ಗುರುಗಳನ್ನು ಹೋಗಿ ಕೇಳಿದೆ. ‘ಕೈ ಸ್ವಲ್ಪ ನಡುಗುತ್ತಮ್ಮ, ಗೆರೆ ನಾನು ಹಾಕ್ತೀನಿ, ಬಣ್ಣ ನೀವು ಮಕ್ಕಳು ತುಂಬಿದ್ರೆ ಆಗುತ್ತೆ’ ಅಂದರು. ಕೂಲಿ ಎಷ್ಟು ಅಂದೆ. ನಕ್ಕರು, ಹೇಳಲಿಲ್ಲ. ಆದರೆ ಪುಕ್ಕಟೆ ಬರೆಸುವುದು ಬೇಡ. ಫ್ಲೆಕ್ಸಿಗೆ ಕೊಡುವ ದುಡ್ಡನ್ನು ಅವರಿಗೇ ಕೊಡಬೇಕು, ಬಣ್ಣಕ್ಕೆ ಏಳನೇ ತರಗತಿಯವರು ತಲಾ ಹತ್ತು ರೂಪಾಯಿ ಹಾಕೋಣ.

ಎಸ್.ಡಿ.ಎಂ.ಸಿ. ಸಭೆ ಮುಂದಿನ ಶನಿವಾರ ಇದೆ. ನನ್ನ ಮಾತು ಒಪ್ಪುವವರು ಒಂದು ಚೀಟಿಯಲ್ಲಿ ಹೆಸರು, ತರಗತಿ ಬರೆದು ಈ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಶುಕ್ರವಾರದೊಳಗೆ ಹಾಕಿ. ಒಪ್ಪದವರೂ ಹಾಕಿ, ಕಾರಣ ಬರೆಯಿರಿ. ಎಲ್ಲವನ್ನೂ ಹೆಡ್‌ಮಾಸ್ಟರ್ ಹತ್ತಿರ ಕೊಡುತ್ತೇನೆ.

— ಏಳನೇ ತರಗತಿಯ ವಿದ್ಯಾರ್ಥಿನಿ