ನಮ್ಮ ಪರ ಯಾರು ಮಾತಾಡಬೇಕು?



ನಮ್ಮ ಯಜಮಾನರು ಕೆಎಸ್ಆರ್‌ಟಿಸಿ ಚಾಲಕರು, ನನ್ನ ತಮ್ಮ ನಿರ್ವಾಹಕ. ನಾಲ್ಕು ವರ್ಷಕ್ಕೊಮ್ಮೆ ಆಡಳಿತದ ಎದುರು ಕೂತು ವೇತನ ಒಪ್ಪಂದ ಮಾಡಿಕೊಳ್ಳುವ ಹಕ್ಕನ್ನು ಬಿಡಬಾರದು ಎಂದು ಇವರು. ಸರ್ಕಾರಿ ನೌಕರರಿಗೆ ಸರಿಸಮನಾದ ವೇತನ ಬಂದರೆ ಪ್ರತಿ ಸಲ ಕೈಚಾಚುವುದು ತಪ್ಪುತ್ತದೆ ಎಂದು ಅವನು. ಆ ವೇತನ ಕೇಳಿ 2021ರ ಏಪ್ರಿಲ್ 7ರಿಂದ ಎರಡು ವಾರ ನಡೆದ ಮುಷ್ಕರದಲ್ಲಿ ತಮ್ಮ ಮನೆಯಲ್ಲಿ ಕೂತ, ಇವರು ಬಸ್ ಓಡಿಸಿದರು. ಆಮೇಲೆ ವರ್ಷವಿಡೀ ಭಾವ–ಭಾವಮೈದುನರ ನಡುವೆ ಮಾತಿಲ್ಲ. ಹಬ್ಬಕ್ಕೆ ಪಿರಿಯಾಪಟ್ಟಣದ ತವರಿಗೆ ಹೋದರೆ ಅವ್ವ ಪಡಸಾಲೆಯ ಆ ತುದಿಗೊಂದು, ಈ ತುದಿಗೊಂದು ಎಲೆ ಹಾಕುತ್ತಿದ್ದಳು.

ಆ ಮುಷ್ಕರದಲ್ಲಿ ಅಮಾನತು, ವರ್ಗಾವಣೆ, ವಜಾ ಅನುಭವಿಸಿದವರು ದುಡಿಯುವವರೇ. 38 ತಿಂಗಳ ವೇತನ ಹಿಂಬಾಕಿ ಕೇಳಿ 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರವಾಯಿತು. ಹೈಕೋರ್ಟ್ ಆದೇಶದಿಂದ ಅಂದೇ ನಿಂತಿತು. ಈ ಸಲ ಕರೆ ಇವರ ಬಣದ್ದು; ಇವರು ಮನೆಯಲ್ಲಿ ಕೂತರು, ತಮ್ಮ ಟಿಕೆಟ್ ಯಂತ್ರ ಕೊರಳಿಗೆ ಹಾಕಿಕೊಂಡು ಹೊರಟ!

ಎಚ್.ಡಿ. ಕೋಟೆಯ ಕಾಡಂಚಿನ ಊರಲ್ಲಿ ಬಸ್ಸಿನೊಳಗೇ ರಾತ್ರಿ ಕಳೆಯುವವನಿಗೂ ಕೆ.ಆರ್. ನಗರದಿಂದ ನಸುಕಿನಲ್ಲಿ ಹೊರಡುವವನಿಗೂ ಸಂಬಳದ ಚೀಟಿ ಒಂದೇ ಬಗೆಯದು. ಹಾಗಾಗಿ ಅವರ ಪರ ಮಾತಾಡುವ ದನಿಯೂ ಒಂದೇ ಇರಬೇಕು. ಕನಿಷ್ಠ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವಿದ್ದರೆ ಅದೇ ಮಾತುಕತೆಗೆ ಕೂರಬೇಕೆಂದು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹೇಳುತ್ತದೆ. ಹಾಗಿದ್ದ ಮೇಲೆ ಆ ಬೆಂಬಲ ಯಾವ ಸಂಘಕ್ಕಿದೆ ಎಂಬುದು ಮುಖಂಡರ ಹೇಳಿಕೆಯಿಂದಲ್ಲ, ಡಿಪೊ ಡಿಪೊಗಳಲ್ಲಿ ಗುಪ್ತ ಮತದಾನದಿಂದ ತಿಳಿಯಲಿ. ಸೋತವರೂ ಆ ತೀರ್ಪಿಗೆ ಬದ್ಧರಾಗಲಿ. ಈ ಒಂದು ಮಾತಿಗೆ ಮಾತ್ರ ಇವರೂ ತಮ್ಮನೂ ಇಬ್ಬರೂ ಹೂಂಗುಟ್ಟಿದ್ದಾರೆ.

– ಚಾಲಕರೊಬ್ಬರ ಪತ್ನಿ, ಹುಣಸೂರು