ಬಂದೂಕಿಗೆ ಲೈಸೆನ್ಸ್ ಇದ್ದರೆ ಕೌಜುಗ ಹೊಡೆಯಬಹುದೇ?

ಕೌಜುಗ, ಲಾವಕ್ಕಿ ಬೇಟೆಗೆ ಯಾವ ಡಬಲ್ ಬ್ಯಾರೆಲ್ ಬಂದೂಕು ಒಳ್ಳೆಯದು ಎಂದು ಹೇಳುವ ವಿದೇಶಿ ವಿಡಿಯೊಗಳು ಮೊಬೈಲಿಗೆ ಬರುತ್ತಿರುತ್ತವೆ. ಜೊತೆಗೆ, ಲೈಸೆನ್ಸ್ ಇದ್ದರೆ ನಮ್ಮಲ್ಲೂ ಹೊಡೆಯಬಹುದು ಎಂಬ ಮಾತು. ಭೀಮಾ ತೀರದ ಘತ್ತರಗಿಯಂಥ ಊರುಗಳಲ್ಲಿ, ತೊಗರಿ ಹೊಲದ ಬದುವಿನಲ್ಲೇ ಕೌಜುಗ ಕೂಗುವ ಕಡೆ, ಇದನ್ನು ನಂಬಿದವರು ಜೈಲು ಸೇರಬೇಕಾದೀತು.

ಬಂದೂಕಿನ ಬಗ್ಗೆ ಹೇಳುವುದು ನಿಜವೇ?

ಬಹುಮಟ್ಟಿಗೆ ನಿಜ. ಅಕ್ಕಪಕ್ಕ ಎರಡು ನಳಿಗೆಯ ಬಂದೂಕಿನಲ್ಲಿ ಸಾಮಾನ್ಯವಾಗಿ ಒಂದು ನಳಿಗೆಯ ಬಾಯಿ ಅಗಲ, ಇನ್ನೊಂದರದು ತುಸು ಕಿರಿದು. ಅಗಲ ಬಾಯಿಯಿಂದ ಹೊರಟ ಸಣ್ಣ ಗುಂಡುಗಳು ಬೇಗ ಚದುರುತ್ತವೆ, ಹತ್ತಿರದ ಹಕ್ಕಿಗೆ ತಾಗುತ್ತವೆ. ಕಿರಿದು ಬಾಯಿಯವು ಒತ್ತಾಗಿ ದೂರ ಹೋಗುತ್ತವೆ. ಪೊದೆಯಿಂದ ಪುರ್ರನೆ ಎದ್ದ ಹಕ್ಕಿ ದೂರವಾಗುವಷ್ಟರಲ್ಲಿ ಎರಡನೇ ಗುಂಡು ಹಾರಿಸಲು ಇದು ಅನುಕೂಲ. ಆದರೆ ಆ ವಿಡಿಯೊಗಳ ದೇಶದಲ್ಲಿ ಕಾನೂನು ಬೇರೆ. ಬ್ರಿಟನ್‌ನಲ್ಲಿ ಸೆಪ್ಟೆಂಬರ್ 1ರಿಂದ ಫೆಬ್ರುವರಿ 1ರವರೆಗೆ ಕೌಜುಗದ ಜಾತಿಯ ಹಕ್ಕಿಗಳ ಬೇಟೆಗೆ ಅವಕಾಶವಿದೆ. ನಮ್ಮಲ್ಲಿ ಅಂಥ ಋತುವೇ ಇಲ್ಲ.

ಹಾಗಾದರೆ ಲೈಸೆನ್ಸ್ ಯಾವುದಕ್ಕೆ?

ಬಂದೂಕು ಇಟ್ಟುಕೊಳ್ಳುವುದಕ್ಕೆ. ಅದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಆತ್ಮರಕ್ಷಣೆ, ಕ್ರೀಡೆ, ಬೆಳೆ ರಕ್ಷಣೆಯಂಥ ಕಾರಣಗಳಿಗೆ ಕೊಡುತ್ತಾರೆ. ಹಕ್ಕಿಯನ್ನು ಕಾಯುವುದು ಬೇರೆ ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಬಂದೂಕು ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಆದರೂ ಅವರು ಕಾಡುಹಕ್ಕಿ ಬೇಟೆಯಾಡುವಂತಿಲ್ಲ.

ಗೊಂದಲ ಎಲ್ಲಿಂದ ಬಂತು?

1972ರ ಕಾಯ್ದೆಯಲ್ಲಿ ಮೊದಲು ಕೆಲವು ಪ್ರಾಣಿ–ಪಕ್ಷಿಗಳ ಬೇಟೆಗೆ ಪರವಾನಗಿ ಪಡೆಯಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಿರಿಯರು ಹೇಳುವ ಬೇಟೆಯ ಕಥೆಗಳು ಸುಳ್ಳಲ್ಲ, ಆ ಕಾಲದ ಕಾನೂನು ಈಗಿಲ್ಲ ಅಷ್ಟೆ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಕೌಜುಗ ಈಗ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನವಿಲು ಮೊದಲನೇ ಶೆಡ್ಯೂಲ್‌ನಲ್ಲಿದೆ, ಅದಕ್ಕೆ ಮೂರರಿಂದ ಏಳು ವರ್ಷ. ತಪ್ಪಿತಸ್ಥನ ಬಂದೂಕು ಲೈಸೆನ್ಸ್ ರದ್ದುಪಡಿಸಿ, ಐದು ವರ್ಷ ಹೊಸದು ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಬಲೆ, ಉರುಲು ಹಾಕುವುದು, ಮೊಟ್ಟೆ ಒಡೆಯುವುದು, ಬೇಟೆಗೆ ಪ್ರಯತ್ನಿಸುವುದು ಕೂಡ ಬೇಟೆಯೇ.

ಬೆಳೆ ಹಾಳಾದರೆ?

ರೈತರ ಈ ಪ್ರಶ್ನೆ ನ್ಯಾಯವಾದದ್ದೇ. ಎರಡನೇ ಶೆಡ್ಯೂಲ್‌ನ ಪ್ರಾಣಿಗಳಿಂದ ನಿಂತ ಬೆಳೆಗೆ ಅಪಾಯವಿದ್ದರೆ ಕ್ರಮ ಕೈಗೊಳ್ಳಲು ಲಿಖಿತ ಆದೇಶ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ನೇಮಿಸಿದ ಅಧಿಕಾರಿಗೆ ಇದೆ. ಹಾಗಾಗಿ ಮೊದಲ ಅರ್ಜಿ ಅರಣ್ಯ ಇಲಾಖೆಗೆ. ಅಂದಹಾಗೆ, ಕೌಜುಗ ಕಾಳಿನ ಜೊತೆಗೆ ಕಳೆಯ ಬೀಜ, ಗೆದ್ದಲು, ಹುಳುಗಳನ್ನೂ ತಿನ್ನುತ್ತದೆ.

ಬೇಟೆಯ ವಿಡಿಯೊ ಬಂದರೆ ಅದು ಯಾವ ದೇಶದ್ದು ಎಂದು ಮೊದಲು ನೋಡಿ. ಹೊಡೆದ ಹಕ್ಕಿ ಹಿಡಿದು ತೆಗೆಸಿಕೊಂಡ ಫೋಟೊ ಗ್ರೂಪಿಗೆ ಹಾಕಿದರೆ, ಅದೇ ನಿಮ್ಮ ವಿರುದ್ಧ ಸಾಕ್ಷ್ಯವಾಗಬಹುದು.