ಸಬ್ಮಿಟ್ ಒತ್ತದಿದ್ದರೆ ಟೈಪ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲವೇ?

ಯಾವುದೋ ಲಿಂಕ್ ತೆರೆದು, ಹೆಸರು, ಮೊಬೈಲ್ ನಂಬರ್, ಕಾರ್ಡ್ ನಂಬರ್ ಎಲ್ಲ ತುಂಬಿ, ಕೊನೆ ಗಳಿಗೆಯಲ್ಲಿ ಯಾಕೋ ಅನುಮಾನ ಬಂದು ಪುಟ ಮುಚ್ಚಿದವರಿಗೆ ಪಕ್ಕದವರು ಸಾಮಾನ್ಯವಾಗಿ ಹೇಳುವ ಸಮಾಧಾನದ ಮಾತೊಂದಿದೆ: ‘ಸಬ್ಮಿಟ್ ಒತ್ತಿಲ್ಲ ತಾನೇ? ಹಾಗಾದರೆ ಏನೂ ಹೋಗಿಲ್ಲ ಬಿಡಿ.’ ಇದಕ್ಕೆ ತದ್ವಿರುದ್ಧವಾದ ಮಾತೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಫೋನಿನಲ್ಲಿ ನೀವು ಒತ್ತುವ ಪ್ರತಿ ಅಕ್ಷರವೂ ಯಾರಿಗೋ ಕಾಣುತ್ತಿರುತ್ತದೆ ಎನ್ನುವುದು.

ಎರಡೂ ಪೂರ್ತಿ ಸರಿಯಿಲ್ಲ. ಎರಡರಲ್ಲಿ ಹೆಚ್ಚು ಅಪಾಯ ಇರುವುದು ಮೊದಲನೆಯದರಲ್ಲಿ. ಅದನ್ನು ನಂಬಿದವರು ಕಾರ್ಡ್ ಬ್ಲಾಕ್ ಮಾಡಿಸದೆ, ಪಾಸ್‌ವರ್ಡ್ ಬದಲಿಸದೆ ನೆಮ್ಮದಿಯಾಗಿ ಮಲಗಿಬಿಡುತ್ತಾರೆ. ಹಾಗಾಗಿ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಟೈಪ್ ಮಾಡಿದ ಕೂಡಲೇ ಏನೇನಾಗುತ್ತದೆ ಎಂದು ನೋಡೋಣ.

ಈ ನಂಬಿಕೆ ಬಂದದ್ದು ಎಲ್ಲಿಂದ?

1990ರ ದಶಕದ ವೆಬ್ ಪುಟಗಳ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜವೇ ಆಗಿತ್ತು. ಆಗಿನ ಆನ್‌ಲೈನ್ ಫಾರ್ಮ್ ಅಂಚೆ ಕಚೇರಿಯ ಮನಿಯಾರ್ಡರ್ ಫಾರ್ಮ್ ಇದ್ದ ಹಾಗೆ. ತುಂಬಿ ಕೌಂಟರಿನಲ್ಲಿ ಕೊಡುವವರೆಗೆ ನಿಮ್ಮ ಕೈಯಲ್ಲೇ ಇರುತ್ತಿತ್ತು. ಬಟನ್ ಒತ್ತಿದಾಗ ಇಡೀ ಫಾರ್ಮ್ ಒಟ್ಟಿಗೆ ಸರ್ವರ್‌ಗೆ, ಅಂದರೆ ಆ ವೆಬ್‌ಸೈಟಿನ ಕಂಪ್ಯೂಟರ್‌ಗೆ, ಹೋಗುತ್ತಿತ್ತು. ಪರದೆ ಒಂದು ಕ್ಷಣ ಖಾಲಿಯಾಗಿ ಹೊಸ ಪುಟ ಬರುತ್ತಿತ್ತು.

1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ವೆಬ್ ಪುಟದೊಳಗೇ ಪುಟ್ಟ ಪ್ರೋಗ್ರಾಂ ಓಡಿಸುವುದು ಸಾಧ್ಯವಾಯಿತು. 1999ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಬಂದಾಗ, ಪುಟ ಬದಲಾಗದೆ ಹಿನ್ನೆಲೆಯಲ್ಲೇ ಸರ್ವರ್ ಜೊತೆ ಮಾತನಾಡುವ ದಾರಿಯೂ ಸಿಕ್ಕಿತು. ಕೌಂಟರಿಗೆ ಹೋಗದೆಯೇ ಫಾರ್ಮಿನಲ್ಲಿರುವುದನ್ನು ಕಳಿಸುವ ತಂತ್ರ ಅಂದಿನಿಂದಲೇ ಇದೆ. ಜನರ ಮನಸ್ಸಿನಲ್ಲಿ ಮಾತ್ರ ಹಳೆಯ ಚಿತ್ರವೇ ಉಳಿದಿದೆ.

ಪೆಟ್ಟಿಗೆಯಲ್ಲೊಂದು, ಪ್ರೋಗ್ರಾಂನಲ್ಲೊಂದು

ಇವತ್ತಿನ ವೆಬ್‌ಸೈಟುಗಳನ್ನು ಬಹುಪಾಲು ಮೊದಲಿನಿಂದ ಬರೆಯುವುದಿಲ್ಲ, ಸಿದ್ಧ ಚೌಕಟ್ಟುಗಳ ಮೇಲೆ ಕಟ್ಟುತ್ತಾರೆ. ಇವುಗಳಿಗೆ ಫ್ರೇಮ್‌ವರ್ಕ್ ಎಂದು ಹೆಸರು. ಗೂಗಲ್‌ನ ಆ್ಯಂಗ್ಯುಲರ್‌ಜೆಎಸ್ 2010ರಲ್ಲಿ, ಫೇಸ್‌ಬುಕ್‌ನ ರಿಯಾಕ್ಟ್ 2013ರಲ್ಲಿ, ಇವಾನ್ ಯೂ ರೂಪಿಸಿದ ವ್ಯೂ 2014ರಲ್ಲಿ ಹೊರಬಂದವು. ಮೂರಕ್ಕೂ ಸಮಾನವಾದ ಒಂದು ಕೆಲಸವಿದೆ: ಪೆಟ್ಟಿಗೆಯಲ್ಲಿ ನೀವು ಬರೆದದ್ದನ್ನು ಪ್ರೋಗ್ರಾಂನ ನೆನಪಿನಲ್ಲಿರುವ ಬೆಲೆಯ ಜೊತೆ ಕಟ್ಟಿಹಾಕುವುದು. ಇದನ್ನು ಬೈಂಡಿಂಗ್ ಎನ್ನುತ್ತಾರೆ.

ಹೋಟೆಲಿನ ಉದಾಹರಣೆ ತೆಗೆದುಕೊಳ್ಳಿ. ನೀವು ಚೀಟಿಯಲ್ಲಿ ಬರೆದು ಒಳಗೆ ಕಳಿಸುವುದು ಹಳೆಯ ಪದ್ಧತಿ. ಹೊಸ ಪದ್ಧತಿಯಲ್ಲಿ ಸಪ್ಲೈಯರ್ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ. ನೀವು ‘ಮಸಾಲೆ ದೋಸೆ’ ಎಂದಾಗ ಬರೆದುಕೊಳ್ಳುತ್ತಾನೆ, ‘ಬೇಡ, ಸೆಟ್ ದೋಸೆ’ ಎಂದರೆ ಅಲ್ಲೇ ತಿದ್ದಿಕೊಳ್ಳುತ್ತಾನೆ. ಆ ಪುಸ್ತಕದಲ್ಲಿ ಬಿದ್ದದ್ದು ಇನ್ನೂ ಅಡುಗೆಮನೆಗೆ ಹೋಗಿಲ್ಲ. ಆದರೆ ಅವನ ಕೈಯಲ್ಲಂತೂ ಇದೆ. ಯಾವಾಗ ಒಳಗೆ ಕೂಗಬೇಕು ಎನ್ನುವುದು ಈಗ ನಿಮ್ಮ ಕೈಯಲ್ಲಿಲ್ಲ, ಹೋಟೆಲಿನವರ ಕೈಯಲ್ಲಿದೆ.

ಫೋನಿನಲ್ಲಿ ಇದನ್ನು ನೀವು ದಿನವೂ ನೋಡುತ್ತೀರಿ. ಮೊಬೈಲ್ ನಂಬರಿನ ಹತ್ತನೇ ಅಂಕಿ ಬಿದ್ದ ಕೂಡಲೇ ಮಂಕಾಗಿದ್ದ ಬಟನ್ ಹೊಳೆಯುತ್ತದೆ. ಹನ್ನೊಂದನೆಯದನ್ನು ಒತ್ತಿದರೆ ಪರದೆಯ ಮೇಲೆ ಮೂಡುವುದೇ ಇಲ್ಲ. ಪಾಸ್‌ವರ್ಡ್ ‘ದುರ್ಬಲ’ ಎಂಬ ಕೆಂಪು ಗೆರೆ ಹಸಿರಾಗುತ್ತದೆ. ಇಂಥ ಕಡೆಯೆಲ್ಲ ಪ್ರೋಗ್ರಾಂ ಪ್ರತಿ ಅಕ್ಷರವನ್ನೂ ನೋಡಿದೆ. ರಿಯಾಕ್ಟ್‌ನಲ್ಲಿ ಸಾಮಾನ್ಯವಾಗಿ ಬಳಸುವ ವಿಧಾನ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಕ್ಷರ ಮೊದಲು ಪ್ರೋಗ್ರಾಂಗೆ ಹೋಗುತ್ತದೆ, ಅದು ಒಪ್ಪಿದ್ದು ಮಾತ್ರ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ನಿಮ್ಮ ಕಣ್ಣಿಗೆ ಕಾಣುವುದೂ ಪ್ರೋಗ್ರಾಂ ಹಿಡಿದಿಟ್ಟುಕೊಂಡದ್ದೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಬೇಗ ಗೊತ್ತಾಗುತ್ತದೆ. ‘ಸ್ತ್ರೀ’ ನಮ್ಮ ಲೆಕ್ಕದಲ್ಲಿ ಒಂದೇ ಅಕ್ಷರ, ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ 6. ‘ಲಕ್ಷ್ಮೀ’ ಎಂದರೆ 7. ಹೆಸರಿನ ಪೆಟ್ಟಿಗೆಗೆ 20ರ ಮಿತಿ ಹಾಕಿದವರು ಇಂಗ್ಲಿಷ್ ಹೆಸರು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನಮ್ಮ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಇನ್ನು, ಪಿನ್‌ಕೋಡನ್ನು ೫೬೦೦೦೧ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದೇ ಒಪ್ಪುವುದಿಲ್ಲ. ತಪ್ಪು ನಮ್ಮ ಲಿಪಿಯದಲ್ಲ, ಪರೀಕ್ಷೆ ಮಾಡದೆ ಬಿಟ್ಟವರದು.

ನೀವೇ ಪರೀಕ್ಷಿಸಿ

ಎಷ್ಟು ಅಕ್ಷರ ಬರೆದಿದ್ದೀರಿ ಎಂದು ಲೆಕ್ಕ ತೋರಿಸುವ ಯಾವುದಾದರೂ ಪುಟ ತೆರೆಯಿರಿ. ಪೂರ್ತಿ ಲೋಡ್ ಆದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ, ಟೈಪ್ ಮಾಡಿ. ಲೆಕ್ಕ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಅಂದರೆ ಆ ಕೆಲಸ ನಿಮ್ಮ ಫೋನಿನೊಳಗೇ ನಡೆಯುತ್ತಿದೆ.

ಈಗ ಇಂಟರ್ನೆಟ್ ಆನ್ ಮಾಡಿ ಗೂಗಲ್ ಹುಡುಕು ಪೆಟ್ಟಿಗೆಯಲ್ಲಿ ‘ಮೈಸೂ’ ಎಂದು ಬರೆಯಿರಿ. ಕೆಳಗೆ ಸಲಹೆಗಳ ಸಾಲು ಇಳಿಯುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿ ನಿಮ್ಮ ಹಳೆಯ ಹುಡುಕಾಟಗಳು ಕಾಣಬಹುದು, ಹೊಸ ಸಲಹೆ ಬರುವುದಿಲ್ಲ. ಏಕೆಂದರೆ ಆ ಸಲಹೆಗಳು ಗೂಗಲ್ ಸರ್ವರ್‌ನಿಂದ ಬರಬೇಕು, ಅದಕ್ಕೆ ನೀವು ಬರೆದ ಅರ್ಧ ಪದ ಮೊದಲು ಅಲ್ಲಿಗೆ ತಲುಪಬೇಕು. ಹುಡುಕು ಬಟನ್ ಒತ್ತದೆಯೇ ಅದು ಹೋಗಿಯಾಗಿದೆ. ಇದರಲ್ಲಿ ಕಳ್ಳತನವೇನೂ ಇಲ್ಲ, ಎಲ್ಲರಿಗೂ ಕಾಣುವಂತೆಯೇ ನಡೆಯುತ್ತದೆ. ಆದರೆ ಒತ್ತುವವರೆಗೆ ಏನೂ ಹೋಗುವುದಿಲ್ಲ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಹೇಳದೆ ಕಳಿಸಿದ ಪ್ರಕರಣಗಳು

ತೋರಿಸಿ ಮಾಡುವುದು ಒಂದಾದರೆ, ಹೇಳದೆ ಮಾಡುವುದು ಇನ್ನೊಂದು. ಬೆಲ್ಜಿಯಂ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡಿನ ಸಂಶೋಧಕರು 2022ರಲ್ಲಿ ‘ಲೀಕಿ ಫಾರ್ಮ್ಸ್’ ಎಂಬ ಅಧ್ಯಯನ ಪ್ರಕಟಿಸಿದರು. ಜಗತ್ತಿನ ಪ್ರಮುಖ 1,00,000 ವೆಬ್‌ಸೈಟುಗಳ ಫಾರ್ಮ್‌ಗಳಲ್ಲಿ ಒಂದು ಸ್ವಯಂಚಾಲಿತ ಬ್ರೌಸರ್ ಇಮೇಲ್ ವಿಳಾಸ, ಪಾಸ್‌ವರ್ಡ್ ತುಂಬಿತು, ಸಬ್ಮಿಟ್ ಒತ್ತಲಿಲ್ಲ. ಯುರೋಪಿನಿಂದ ನೋಡಿದಾಗ 1,844 ಸೈಟುಗಳಲ್ಲಿ, ಅಮೆರಿಕದಿಂದ ನೋಡಿದಾಗ 2,950 ಸೈಟುಗಳಲ್ಲಿ, ಇಮೇಲ್ ವಿಳಾಸ ಸಬ್ಮಿಟ್‌ಗೆ ಮೊದಲೇ ಹೊರಗೆ ಹೋಯಿತು. ಹೋದದ್ದು ಜಾಹೀರಾತು, ಅಂಕಿಅಂಶ ಸಂಗ್ರಹದ ಹೊರಗಿನ ಕಂಪನಿಗಳಿಗೆ. 52 ಸೈಟುಗಳಲ್ಲಿ ಪಾಸ್‌ವರ್ಡ್ ಕೂಡ ಹೋಗಿತ್ತು. ಸಂಶೋಧಕರು ತಿಳಿಸಿದ ಮೇಲೆ ಇದನ್ನು ಸರಿಪಡಿಸಲಾಯಿತು.

ಶೇಕಡಾವಾರು ನೋಡಿದರೆ ಇದು ನೂರರಲ್ಲಿ ಎರಡು ಮೂರು ಸೈಟ್ ಅಷ್ಟೆ. ‘ಎಲ್ಲ ವೆಬ್‌ಸೈಟುಗಳೂ ಕದಿಯುತ್ತವೆ’ ಎಂದು ಫಾರ್ವರ್ಡ್ ಮಾಡಲು ಇದು ಆಧಾರವಾಗುವುದಿಲ್ಲ. ಆದರೆ ಇವು ಜನ ನಂಬಿ ಬಳಸುವ ಹೆಸರಾಂತ ಸೈಟುಗಳು ಎನ್ನುವುದನ್ನು ಮರೆಯಬಾರದು.

ಪಾಸ್‌ವರ್ಡ್ ಎಲ್ಲ ಸಲವೂ ಕೆಟ್ಟ ಉದ್ದೇಶದಿಂದಲೇ ಹೋಗಬೇಕೆಂದಿಲ್ಲ. 2018ರಲ್ಲಿ ಬಯಲಾದ ಮಿಕ್ಸ್‌ಪ್ಯಾನಲ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಬಳಕೆದಾರರು ಪುಟದಲ್ಲಿ ಎಲ್ಲೆಲ್ಲಿ ಒತ್ತುತ್ತಾರೆ ಎಂದು ದಾಖಲಿಸುವ ಸೇವೆ ಅದು. ಪೆಟ್ಟಿಗೆಯಲ್ಲಿ ಬರೆದ ಖಾಸಗಿ ವಿಷಯವನ್ನು ಬಿಟ್ಟು, ಪುಟದ ರಚನೆಯನ್ನು ಮಾತ್ರ ತೆಗೆದುಕೊಳ್ಳುವುದು ಅದರ ಉದ್ದೇಶವಾಗಿತ್ತು. 2017ರ ಮಾರ್ಚ್‌ನಲ್ಲಿ ರಿಯಾಕ್ಟ್‌ನಲ್ಲಿ ಒಂದು ಬದಲಾವಣೆಯಾಯಿತು. ಪೆಟ್ಟಿಗೆಯಲ್ಲಿದ್ದ ಬೆಲೆಯ ಇನ್ನೊಂದು ಪ್ರತಿ, ಪಾಸ್‌ವರ್ಡ್ ಕೂಡ ಸೇರಿ, ಪುಟದ ರಚನೆಯೊಳಗೇ ಬರೆಯಲ್ಪಡತೊಡಗಿತು. ಮಿಕ್ಸ್‌ಪ್ಯಾನಲ್ ಎಂದಿನಂತೆ ರಚನೆಯನ್ನು ತೆಗೆದುಕೊಂಡಿತು, ಪಾಸ್‌ವರ್ಡ್‌ಗಳೂ ಜೊತೆಗೆ ಬಂದವು. ಸಪ್ಲೈಯರ್ ತನ್ನ ಪುಸ್ತಕದಲ್ಲಿದ್ದುದನ್ನು ಮೇಜಿನ ಮೇಲೂ ಬರೆದಿಟ್ಟ, ಮೇಜಿನ ಫೋಟೋ ತೆಗೆಯುವವನ ಕ್ಯಾಮೆರಾದಲ್ಲಿ ಅದೂ ಸೆರೆಯಾಯಿತು ಎಂದಿಟ್ಟುಕೊಳ್ಳಿ. ಇಬ್ಬರೂ ಕದಿಯಲು ಹೊರಟವರಲ್ಲ. ಒಂದು ಪುಟದಲ್ಲಿ ಹತ್ತಾರು ಕಂಪನಿಗಳ ಪ್ರೋಗ್ರಾಂಗಳು ಒಟ್ಟಿಗೆ ಓಡುವಾಗ ಯಾವ ಪ್ರತಿ ಯಾರ ಕೈಗೆ ಸಿಗುತ್ತದೆ ಎನ್ನುವುದು ಪುಟ ಕಟ್ಟಿದವರಿಗೇ ಗೊತ್ತಿರುವುದಿಲ್ಲ.

ಇನ್ನೊಂದು ವಿಚಿತ್ರ ಅಧ್ಯಯನವಿದೆ. ಜನ ಪೋಸ್ಟ್ ಬರೆಯಲು ಶುರುಮಾಡಿ ಹಾಕದೆ ಬಿಡುವುದು ಎಷ್ಟು ಎಂದು ಫೇಸ್‌ಬುಕ್‌ನ ಆ್ಯಡಮ್ ಕ್ರೇಮರ್, ಸಂಶೋಧಕ ಸೌವಿಕ್ ದಾಸ್ ಅವರೊಂದಿಗೆ ಸೇರಿ 2013ರಲ್ಲಿ ಬರೆದರು. 39 ಲಕ್ಷ ಬಳಕೆದಾರರನ್ನು 17 ದಿನ ಗಮನಿಸಿದಾಗ, 71 ಶೇಕಡಾ ಜನ ಒಂದಾದರೂ ಬರಹವನ್ನು ಹೀಗೆ ಅರ್ಧಕ್ಕೆ ಕೈಬಿಟ್ಟಿದ್ದರು. ಬರೆದ ವಿಷಯವನ್ನು ದಾಖಲಿಸಲಿಲ್ಲ, ಬರೆದು ಬಿಟ್ಟರು ಎನ್ನುವುದನ್ನು ಮಾತ್ರ ದಾಖಲಿಸಿದೆವು ಎಂದು ಅವರು ಸ್ಪಷ್ಟಪಡಿಸಿದ್ದರು. ವಿಷಯ ಬಿಟ್ಟದ್ದು ಅವರ ಆಯ್ಕೆ, ತಂತ್ರಜ್ಞಾನ ಅದನ್ನು ತಡೆದಿರಲಿಲ್ಲ.

ಹಾಗಾದರೆ ಎಲ್ಲವೂ ಕಾಣುತ್ತಿದೆಯೇ?

ಇಲ್ಲ. ಒಂದು ಟ್ಯಾಬಿನಲ್ಲಿರುವ ಸೈಟು ಇನ್ನೊಂದು ಟ್ಯಾಬಿನಲ್ಲಿ ನೀವು ಬ್ಯಾಂಕಿನ ಪುಟದಲ್ಲಿ ಬರೆದದ್ದನ್ನು ಓದದಂತೆ ಬ್ರೌಸರ್ ಗೋಡೆ ಹಾಕಿರುತ್ತದೆ. ಬರೀ ಬೈಂಡಿಂಗ್‌ನಿಂದ ಯಾವ ಮಾಹಿತಿಯೂ ಫೋನ್ ಬಿಟ್ಟು ಹೋಗುವುದಿಲ್ಲ, ಕಳಿಸುವ ಸಾಲನ್ನು ಯಾರಾದರೂ ಬೇರೆಯಾಗಿ ಬರೆಯಬೇಕು. ವಿಳಾಸದ ಪಕ್ಕದ ಬೀಗದ ಚಿಹ್ನೆ ನೋಡಿ ನಿಶ್ಚಿಂತರಾಗುವುದು ಬೇಡ. ದಾರಿಯಲ್ಲಿ ಬೇರೆಯವರು ಓದಲಾರರು ಎನ್ನುವುದಷ್ಟೇ ಅದರ ಅರ್ಥ, ಆ ಪುಟ ಕಟ್ಟಿದವರು ಯಾರು ಎಂದು ಅದು ಹೇಳುವುದಿಲ್ಲ.

ಆಟೋಫಿಲ್ ಬಗ್ಗೆ ಒಂದು ಮಾತು. ಹೆಸರಿನ ಪೆಟ್ಟಿಗೆ ಮುಟ್ಟಿದಾಗ ಬ್ರೌಸರ್ ನಿಮ್ಮ ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಒಟ್ಟಿಗೆ ತುಂಬಲು ಮುಂದಾಗುತ್ತದೆ. ಪರದೆಯ ಮೇಲೆ ಎರಡೇ ಪೆಟ್ಟಿಗೆ ತೋರಿಸಿ, ಉಳಿದವನ್ನು ಕಾಣದಂತೆ ಬಚ್ಚಿಟ್ಟು, ಆಟೋಫಿಲ್ ಅವನ್ನೂ ತುಂಬುವಂತೆ ಮಾಡಬಹುದು ಎಂದು ಫಿನ್ಲೆಂಡಿನ ಡೆವಲಪರ್ ಒಬ್ಬರು 2017ರಲ್ಲಿ ತೋರಿಸಿದ್ದರು. ಗೊತ್ತಿಲ್ಲದ ಪುಟದಲ್ಲಿ ಕೈಯಿಂದಲೇ ಬರೆಯುವುದು ಕ್ಷೇಮ.

ಕಾನೂನಿನ ಕಡೆಯಿಂದ ನೋಡಿದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಎನ್ನುವುದು ಸ್ಪಷ್ಟವಾದ ಕ್ರಿಯೆಯಿಂದ ವ್ಯಕ್ತವಾಗಬೇಕು ಎನ್ನುತ್ತದೆ. ಬರೆದು, ಮನಸ್ಸು ಬದಲಿಸಿ, ಪುಟ ಮುಚ್ಚಿದವರು ಅಂಥ ಒಪ್ಪಿಗೆ ಕೊಟ್ಟಿದ್ದಾರೆ ಎಂದು ವಾದಿಸುವುದು ನನ್ನ ದೃಷ್ಟಿಯಲ್ಲಿ ಕಷ್ಟ. ಮೋಸದ ಪುಟ ಕಟ್ಟುವವರಿಗಂತೂ ಈ ಚರ್ಚೆಯೇ ಬೇಕಿಲ್ಲ.

ಬರೆದುಬಿಟ್ಟಿದ್ದರೆ ಏನು ಮಾಡಬೇಕು?

ಮೋಸದ ಪುಟದಲ್ಲಿ ಬಟನ್ ಒತ್ತುವವರೆಗೆ ಕಾಯಬೇಕಾದ ಅಗತ್ಯ ಅದನ್ನು ಕಟ್ಟಿದವರಿಗಿಲ್ಲ. ಹಾಗಾಗಿ ಅಂಥ ಕಡೆ ಟೈಪ್ ಮಾಡಿದ್ದನ್ನು ಹೋಯಿತು ಎಂದೇ ಲೆಕ್ಕ ಹಿಡಿಯಿರಿ. ಅಳಿಸಿದ್ದರೂ ಅಷ್ಟೆ, ಏಕೆಂದರೆ ಅಳಿಸುವ ಮೊದಲಿನ ಪ್ರತಿ ಹೋಗಿರಬಹುದು. ಪಾಸ್‌ವರ್ಡ್ ಬರೆದಿದ್ದರೆ ಅಸಲಿ ಸೈಟಿಗೆ ಹೋಗಿ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲೂ ಬದಲಿಸಿ. ಕಾರ್ಡ್ ವಿವರ ಬರೆದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲೋ ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಮಾಡಿಯೋ ಬ್ಲಾಕ್ ಮಾಡಿಸಿ. ಆ ಪುಟದಲ್ಲೇ ಕೊಟ್ಟಿರುವ ‘ಸಹಾಯವಾಣಿ’ಗೆ ಮಾತ್ರ ಫೋನ್ ಮಾಡಬೇಡಿ. ಒಟಿಪಿ ಬರೆದಿದ್ದರೆ ತಡಮಾಡಲೇಬೇಡಿ, ಅದರ ಆಯಸ್ಸು ಕೆಲವೇ ನಿಮಿಷ, ಬಳಸುವವರೂ ಅಷ್ಟರಲ್ಲೇ ಬಳಸುತ್ತಾರೆ. ಯುಪಿಐ ಪಿನ್ ಕೇಳುವ ವೆಬ್ ಫಾರ್ಮ್ ಎದುರಾದರೆ ಅದು ಮೋಸ ಎನ್ನುವುದರಲ್ಲಿ ಅನುಮಾನ ಬೇಡ. ಪಿನ್ ಬರೆಯುವ ಜಾಗ ಪಾವತಿ ಆ್ಯಪ್‌ನೊಳಗಿನ ಪರದೆ, ಅದೂ ಹಣ ಕಳಿಸುವಾಗ ಮತ್ತು ಬ್ಯಾಲೆನ್ಸ್ ನೋಡುವಾಗ, ಹಣ ಪಡೆಯಲು ಅದು ಬೇಕಾಗುವುದೇ ಇಲ್ಲ.

ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ ಅದು. ಎಷ್ಟು ಬೇಗ ತಿಳಿಸುತ್ತೀರೋ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ದೂರು ಬರೆಸುವಾಗ ‘ನಾನು ಸಬ್ಮಿಟ್ ಒತ್ತಿರಲಿಲ್ಲ’ ಎಂದು ಸಂಕೋಚದಿಂದ ಹಿಂಜರಿಯಬೇಡಿ. ಪುಟದ ವಿಳಾಸ, ಏನೇನು ಬರೆದಿರಿ, ಎಷ್ಟು ಹೊತ್ತಿಗೆ ಎನ್ನುವುದನ್ನು ಹೇಳಿ, ಸ್ಕ್ರೀನ್‌ಶಾಟ್ ಇದ್ದರೆ ಕೊಡಿ.